ರೋಬೋಟಿಗೆ ಅರ್ಥ ಹೇಳಿದ ಮಾಷ್ಟ್ರು

ಮಾಷ್ಟ್ರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ, ಅಂಚೆಚೀಟಿಗಿಂತ ತುಸು ದೊಡ್ಡ ಫೋಟೋದೊಂದಿಗೆ ಬಂದಿತ್ತು. ನಿವೃತ್ತ ಕನ್ನಡ ಪಂಡಿತರು, ತಾಳಮದ್ದಳೆಯ ಹಿರಿಯ ಅರ್ಥಧಾರಿ, ಪತ್ನಿಯನ್ನೂ ಅಪಾರ ಬಂಧುಬಳಗವನ್ನೂ ಅಗಲಿದ್ದಾರೆ. ಅಷ್ಟೇ. ರೋಬೋಟಿನ ಬಗ್ಗೆ ಒಂದಕ್ಷರ ಇಲ್ಲ. ಮೂರು ಕಣ್ಣಿನ ಚಕ್ರವರ್ತಿಯ ಬಗ್ಗೆ ಇಲ್ಲ. ಬೆಳ್ತಂಗಡಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಓದಿದ ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಇದನ್ನು ಬರೆದವರು ಯಾರು ಮಾರಾಯ್ರೆ, ಒಂದು ಮಾತು ನಮ್ಮ ಬೀದಿಯ ಮಕ್ಕಳನ್ನು ಕೇಳಬಾರದಿತ್ತೇ? ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬಂಟ್ವಾಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮುರುಕು ಪಾಗಾರದ ಗೋಡೆ ಇತ್ತು. ಅದನ್ನು ಕಟ್ಟಿಸಬೇಕೆಂದು ಎರಡೂ ಮನೆಯವರು ವರ್ಷಕ್ಕೊಮ್ಮೆ ಮಾತಾಡುತ್ತಿದ್ದರು, ಯಾರೂ ಕಟ್ಟಿಸಲಿಲ್ಲ. ಕಟ್ಟಿಸಿದ್ದರೆ ಮಾಷ್ಟ್ರು ನಮ್ಮಲ್ಲಿಗೆ ಫೋನು ಮಾಡಲು ಸುತ್ತು ಬಳಸಿ ಬರಬೇಕಾಗುತ್ತಿತ್ತು. ಆಳು ಸಣಕಲು. ಸ್ವರ ಮಾತ್ರ ಅಣ್ಣನ ಅಂಗಿ ತೊಟ್ಟ ಹಾಗೆ ಮೈಗೆ ಮೀರಿದ್ದು. ವಾರವಿಡೀ ಶಾಲೆಯಲ್ಲಿ ಕನ್ನಡ ಕಲಿಸಿ, ಶನಿವಾರ ಬಂತೆಂದರೆ ಹೆಗಲಿಗೊಂದು ಶಾಲು ಹಾಕಿ ಶಿರ್ತಾಡಿ, ಪುತ್ತಿಗೆ, ಮುಂಡಾಜೆ ಎಂದು ಬಸ್ಸು ಹತ್ತುತ್ತಿದ್ದರು. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವೂ ಇಲ್ಲ. ಭಾಗವತರು ಪದ ಹಾಡಿ ಪ್ರಸಂಗ ನಡೆಸುತ್ತಾರೆ, ಅರ್ಥಧಾರಿ ಕುಳಿತಲ್ಲೇ ಆ ಪಾತ್ರವಾಗಿ ಮಾತಾಡಿ ಎದುರಿನ ಪಾತ್ರದವನ ಜತೆ ವಾದಕ್ಕಿಳಿಯುತ್ತಾನೆ. ಬರೆದುಕೊಟ್ಟ ಮಾತೆಂಬುದಿಲ್ಲ, ಎಲ್ಲ ಅಲ್ಲಲ್ಲೇ ಹುಟ್ಟಬೇಕು. ಇದಕ್ಕೆ ಅರ್ಥ ಹೇಳುವುದು ಎಂದೇ ಹೆಸರು. ಮಾಷ್ಟ್ರಿಗೆ ಖಳನ ಪಾತ್ರಗಳೆಂದರೆ ಪಂಚಪ್ರಾಣ. ‘ಒಳ್ಳೆಯವನ ಪರವಾಗಿ ಯಾರು ಬೇಕಾದ್ರೂ ಮಾತಾಡ್ತಾರೆ, ಅದೆಂತ ದೊಡ್ಡ ಕೆಲಸ?’ ಎನ್ನುತ್ತಿದ್ದರು.

ಈ ಚಟ ಮನೆಯಲ್ಲೂ ಬಿಡುತ್ತಿರಲಿಲ್ಲ. ಅವರ ಹೆಂಡತಿ ಗೇಟಿನ ಬಳಿ ತರಕಾರಿಯವನ ಜತೆ ಚೌಕಾಸಿಗೆ ನಿಂತರೆ ಮಾಷ್ಟ್ರು ಜಗಲಿಯಿಂದ ತರಕಾರಿಯವನ ಪರವಾಗಿ ಮಾತು ಶುರುಮಾಡುತ್ತಿದ್ದರು. ಬೆಳಿಗ್ಗೆ ಎದ್ದು, ಬಿಸಿಲಲ್ಲಿ ಗಾಡಿ ತಳ್ಳಿ ಬಂದವನ ಕಷ್ಟ ಏನು ಎತ್ತ ಎಂದು. ‘ನಿಮ್ಮ ಅರ್ಥ ಮುಂಡಾಜೆಯಲ್ಲಿ ಹೇಳಿ, ಇಲ್ಲಿ ಬೇಡ!’ ಎಂದು ಆಕೆ ಗದರಿಸುತ್ತಿದ್ದರು. ಬೆಂಡೆಕಾಯಿಗೆ ಅವನು ಹೇಳಿದಷ್ಟೇ ಕೊಟ್ಟು ಒಳಗೆ ಹೋಗುವುದು ಬೇರೆ ಆಕೆಯ ಪಾಲಿಗೆ ಬರುತ್ತಿತ್ತು.

ರೋಬೋಟಿನ ಕತೆಗೆ ಬರುತ್ತೇನೆ. ನನ್ನ ತಂದೆ, ನಾವು ಬಾಪ ಎನ್ನುವುದು, ಸೌದಿಯ ದಮ್ಮಾಮಿನಲ್ಲಿ ಟೀವಿ, ಟೇಪ್ ರೆಕಾರ್ಡರ್ ಮಾರುವ ಅಂಗಡಿಯಲ್ಲಿ ಇದ್ದರು. ಊರಿಗೆ ಬರುವವರ ಪೆಟ್ಟಿಗೆಯಲ್ಲಿ ನಮಗೆಂದು ವಿಡಿಯೋ ಟೇಪು ಕಳಿಸುತ್ತಿದ್ದರು. ಅಲ್ಲಿನ ಟೀವಿಯಲ್ಲಿ ಮಕ್ಕಳಿಗೆಂದು ಬರುತ್ತಿದ್ದ ಜಪಾನಿನ ಕಾರ್ಟೂನು ಅದು. ಬಾಹ್ಯಾಕಾಶ ನೌಕೆ, ಬೆಟ್ಟದಷ್ಟೆತ್ತರದ ರೋಬೋಟು, ಬೇರೆ ಗ್ರಹದಿಂದ ಬಂದು ಭೂಮಿಯ ಮೇಲೆ ಬೀಳುವ ಸೈನ್ಯ. ಚಿತ್ರ ಜಪಾನಿನದು, ಮಾತು ಅರಬ್ಬಿಯದು, ನೋಡುವವರು ಬಂಟ್ವಾಳದವರು!

ಮೊದಲ ಟೇಪು ಹಾಕಿದ ದಿನ ನನ್ನ ಅಜ್ಜಿ ಅಡುಗೆಮನೆಯಲ್ಲಿದ್ದರು. ಶುದ್ಧ ಅರಬ್ಬಿ ಕಿವಿಗೆ ಬಿದ್ದದ್ದೇ ಕೈ ತೊಳೆದು, ತಲೆಯ ಮೇಲೆ ಶಾಲು ಸರಿಯಾಗಿ ಎಳೆದುಕೊಂಡು, ಬಂದು ಚಾಪೆಯ ಮೇಲೆ ಭಕ್ತಿಯಿಂದ ಕೂತರು. ಯಾರೋ ದೊಡ್ಡ ವಿದ್ವಾಂಸರ ಉಪನ್ಯಾಸವೆಂದೇ ಅವರ ಎಣಿಕೆ. ನಮಗೂ ‘ತಲೆ ಮುಚ್ಚಿ ಕೂತ್ಕೊಳ್ಳಿ’ ಎಂದು ಕಣ್ಣಲ್ಲೇ ಹೇಳಿದರು. ಅಷ್ಟರಲ್ಲಿ ಪರದೆಯ ಮೇಲೆ ಸಮುದ್ರ ಸೀಳಿ ಕೊಂಬಿನ ರೋಬೋಟು ಎದ್ದು ಬಂತು. ‘ಯಾ ಅಲ್ಲಾಹ್, ಇದು ಯಾವ ಹೈವಾನ್?’ ಎಂದು ಅಜ್ಜಿ ಗೋಡೆಗೆ ಸರಿದರು. ಆ ಮೇಲೆ ಎಷ್ಟು ಗೋಗರೆದರೂ ಅವರು ನಮಗೆ ಕತೆ ಹೇಳಲಿಲ್ಲ. ಹೇಳಲು ಬರುತ್ತಲೂ ಇರಲಿಲ್ಲ ಎನ್ನಿ. ‘ನನಗೆ ಅರಬ್ಬಿ ಓದ್ಲಿಕ್ಕೆ ಬರ್ತದೆ ಮಕ್ಕಳೇ, ಇವನು ಎಂತ ಹೇಳುದು ಅಂತ ಗೊತ್ತಾಗುದಿಲ್ಲ’ ಎಂದು ಪಾತ್ರೆ ತೊಳೆಯಲು ಹೋದರು.

ಆಗ ಫೋನಿಗೆಂದು ಬಂದಿದ್ದರು ಮಾಷ್ಟ್ರು. ಬೀದಿಗೆಲ್ಲ ಫೋನಿದ್ದದ್ದು ನಮ್ಮ ಮನೆಯಲ್ಲಿ. ಶಿರ್ತಾಡಿಯ ಕರೆಗೆ ಕಾಯುತ್ತ, ಕುರ್ಚಿಯ ತುದಿಯಲ್ಲಿ ಕೂತು ಪರದೆ ನೋಡಿದರು. ಮೂರು ಕಣ್ಣಿನ ಚಕ್ರವರ್ತಿಯೊಬ್ಬ ಸಿಂಹಾಸನದಿಂದ ಎದ್ದು ಕೈಯೆತ್ತಿ ಏನೋ ಅಬ್ಬರಿಸುತ್ತಿದ್ದ.

‘ಮಾಷ್ಟ್ರೇ, ಇವನು ಎಂತ ಹೇಳುದು?’ ಎಂದು ನಾನು ಕೇಳಿದೆ.

ಮಾಷ್ಟ್ರು ಹೊರಗೆ ಹೋಗಿ ಬಾಯೊಳಗಿನ ವೀಳ್ಯ ಉಗುಳಿ ಬಂದರು. ಶಾಲು ಸರಿಮಾಡಿಕೊಂಡರು. ಗಂಟಲು ಸರಿಯಾಯಿತು.

‘ಭೂಲೋಕದವರೇ! ನನ್ನನ್ನು ಲೂಟಿಗೆ ಬಂದವನು ಎನ್ನುತ್ತೀರಿ. ಬಂದದ್ದು ಹೌದು. ಯಾಕೆ ಬಂದೆ ಎಂದು ಯಾರಾದರೂ ಕೇಳಿದಿರಾ? ನನ್ನ ಲೋಕದಲ್ಲಿ ನದಿಗಳು ಬತ್ತಿ ಎಷ್ಟೋ ಕಾಲವಾಯಿತು. ನನ್ನ ಮಕ್ಕಳು ನೀರು ಎಂಬ ಮಾತನ್ನು ಕೇಳಿದ್ದಾರೆ, ಕಂಡಿಲ್ಲ. ನಿಮ್ಮಲ್ಲಿ ನೇತ್ರಾವತಿ ಸುಮ್ಮನೆ ಹರಿದು ಕಡಲಿಗೆ ಹೋಗುತ್ತದೆ. ಒಂದು ಕೊಡ ಕೇಳಿದರೆ ನೀವು ಕೊಟ್ಟದ್ದು ಏನು? ಈ ಕೊಂಬಿನ ಯಂತ್ರ!’

ನಾವು ಬಾಯಿಬಿಟ್ಟು ಕೂತೆವು. ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಂದಿನಿಂದ ಟೇಪು ಹಾಕಬೇಕಾದರೆ ಮಾಷ್ಟ್ರು ಬರಲೇಬೇಕು. ನಾಯಕನಿಗೂ ಅವರೇ, ಚಕ್ರವರ್ತಿಗೂ ಅವರೇ, ಮಾತಿಲ್ಲದ ರೋಬೋಟಿಗೂ ಅವರೇ ಅರ್ಥ ಹೇಳುತ್ತಿದ್ದರು. ನಾಯಕನ ಮಾತು ಚಿಕ್ಕದು, ಚಕ್ರವರ್ತಿಯದು ಧಾರಾಳ. ಹಾಗಾಗಿ ಕೆಲವೇ ವಾರಗಳಲ್ಲಿ ಬೀದಿಯ ಮಕ್ಕಳೆಲ್ಲ ಚಕ್ರವರ್ತಿಯ ಪಕ್ಷ ಸೇರಿದರು. ರೋಬೋಟು ಗೆದ್ದ ದಿನ ನಾವು ಅತ್ತದ್ದುಂಟು. ಕೆಳಗಿನ ಮನೆಯ ಹುಡುಗಿಯಂತೂ ಬಾವಿಯಿಂದ ಸೇದಿಟ್ಟ ನೀರನ್ನೆಲ್ಲ ಅಂಗಳಕ್ಕೆ ಸುರಿದು, ಆಕಾಶದ ಕಡೆ ನೋಡಿ ‘ಬೇಕಾದಷ್ಟು ಕುಡೀರಿ’ ಎಂದು ಹೇಳಿ ತಾಯಿಯಿಂದ ಪೆಟ್ಟು ತಿಂದಳು. ಆ ತಾಯಿ ದೂರು ತಂದಾಗ ಮಾಷ್ಟ್ರು ಮಗುವಿನ ಪರವಾಗಿ ಅರ್ಥ ಹೇಳಿದ್ದರಿಂದ ಸಂಗತಿ ಇನ್ನಷ್ಟು ಕೆಟ್ಟಿತು.

ಮುಂದಿನ ರಜೆಗೆ ಬಂದಾಗ ಬಾಪ ವಿಡಿಯೋ ಗೇಮ್ ತಂದರು. ಟೀವಿಗೆ ಸಿಕ್ಕಿಸುವ ಪೆಟ್ಟಿಗೆ, ಎರಡು ರಿಮೋಟು, ನಾಲ್ಕಾರು ಕ್ಯಾಸೆಟ್ಟು. ಶುರುವಿನಲ್ಲೇ ಪರದೆ ತುಂಬ ಜಪಾನಿ ಅಕ್ಷರ ಬರುತ್ತಿತ್ತು. ಅದನ್ನು ಓದಲಾರದೆ ಸಿಕ್ಕಿದ ಗುಂಡಿ ಒತ್ತಿ ಮುಂದೆ ಹೋಗುವುದು ನಮ್ಮ ಕ್ರಮ. ಒಂದು ಪುಟ್ಟ ನೌಕೆ, ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಶತ್ರುಗಳು, ಗುಂಡು ಹೊಡೆಯುತ್ತ ತಪ್ಪಿಸಿಕೊಳ್ಳಬೇಕು. ಮಾಷ್ಟ್ರ ಕೈಗೆ ರಿಮೋಟು ಕೊಟ್ಟೆವು. ಅವರು ನೌಕೆಯನ್ನು ನಡುವೆ ನಿಲ್ಲಿಸಿ, ಎದುರಿಗೆ ಬಂದ ಶತ್ರುವಿಗೆ ‘ಎಲವೋ, ನೀನು ಯಾರು, ಯಾವ ಲೋಕದವನು...’ ಎನ್ನುವಷ್ಟರಲ್ಲಿ ನೌಕೆ ಪುಡಿಪುಡಿ. ಇನ್ನೊಮ್ಮೆ. ಮತ್ತೆ ಪುಡಿಪುಡಿ.

‘ಇದೆಂಥ ಯುದ್ಧ ಮಾರಾಯ್ತಿ, ಎರಡು ಮಾತಾಡ್ಲಿಕ್ಕೆ ಪುರುಸೊತ್ತು ಕೊಡುದಿಲ್ಲ! ಹೆಸರು ಕೇಳದೆ ಹೊಡೆಯುದಾ?’

‘ನೀವು ಮೊದಲು ಹೊಡೀರಿ ಮಾಷ್ಟ್ರೇ!’

‘ಅವನ ಜಗಳ ಎಂತದು ಅಂತ ಗೊತ್ತಾಗದೆ ಹೇಗೆ ಹೊಡೆಯುದು?’

ಕಡೆಗೆ ಆಟವನ್ನು ನಡುವೆ ನಿಲ್ಲಿಸುವ ಗುಂಡಿಯೊಂದಿದೆ ಎಂದು ನಾನು ತೋರಿಸಿಕೊಟ್ಟೆ. ಅವರ ಮುಖ ಅರಳಿದ್ದು ನೋಡಬೇಕಿತ್ತು! ಜಪಾನಿನವರು ಸಂಸ್ಕಾರವಂತರು ಎಂದು ಒಪ್ಪಿಕೊಂಡರು. ಆ ಮೇಲೆ ಅವರ ಆಟದ ರೀತಿ ಹೀಗೆ: ಶತ್ರು ಕಾಣಿಸಿಕೊಂಡ ಕೂಡಲೇ ಗುಂಡಿ ಒತ್ತಿ ನಿಲ್ಲಿಸುವುದು. ಎದ್ದು ನಿಂತು ತಮ್ಮ ಪಾತ್ರದ ಪೀಠಿಕೆ ಹೇಳುವುದು. ತಿರುಗಿ ಶತ್ರುವಿನ ಕಡೆಯಿಂದ ತಾವೇ ಉತ್ತರ ಕೊಡುವುದು. ವಾದ ಒಂದು ಹಂತಕ್ಕೆ ಬಂದ ಮೇಲೆ ‘ಹಾಗಾದರೆ ಯುದ್ಧವೇ ಆಗಲಿ’ ಎಂದು ಕೂತು ಗುಂಡಿ ಒತ್ತುವುದು. ಒತ್ತಿದ ಮರುಕ್ಷಣ ಸಾಯುವುದು. ಒಂದು ದಿನವೂ ಮೊದಲ ಸುತ್ತು ದಾಟಿದವರಲ್ಲ. ಅವರಷ್ಟು ಖುಷಿಯಿಂದ ಆ ಆಟ ಆಡಿದವರನ್ನೂ ನಾನು ಕಂಡಿಲ್ಲ.

ಕಾರ್ಟೂನಿನಿಂದ ನಿಜವಾದ ಆಕಾಶಕ್ಕೆ ಅವರು ದಾಟಿದ್ದು ಒಂದು ಪತ್ರಿಕೆಯ ಲೇಖನದಿಂದ. ಅಮೆರಿಕದವರು ಹಿಂದೆ ಎರಡು ನೌಕೆಗಳನ್ನು ಸೌರಮಂಡಲದ ಆಚೆ ಕಳಿಸಿದ್ದಾರೆ, ದಾರಿಯಲ್ಲಿ ಯಾರಾದರೂ ಸಿಕ್ಕಿದರೆ ಇರಲಿ ಎಂದು ಲೋಕದ ಹಲವು ಭಾಷೆಗಳ ನಮಸ್ಕಾರವನ್ನು ತಟ್ಟೆಯಲ್ಲಿ ಮುದ್ರಿಸಿ ಇಟ್ಟಿದ್ದಾರೆ, ಅದರಲ್ಲಿ ಕನ್ನಡವೂ ಉಂಟು ಎಂದು ಅದರಲ್ಲಿತ್ತು. ಮಾಷ್ಟ್ರು ಪತ್ರಿಕೆ ಹಿಡಿದು ಪಾಗಾರ ಹಾರಿಯೇ ಬಂದರು.

‘ಕನ್ನಡ ಹೋಗಿದೆ ಮಾರಾಯ್ತಿ! ಗುರುಗ್ರಹ ದಾಟಿ ಹೋಗಿದೆ!’

‘ತುಳು ಹೋಗಿದೆಯಾ ಮಾಷ್ಟ್ರೇ? ನಮ್ಮ ಮನೆಯ ಬ್ಯಾರಿ ಭಾಷೆ?’ ಎಂದೆ.

ಮತ್ತೆ ಓದಿ ನೋಡಿದರು. ಇರಲಿಲ್ಲ. ಸ್ವಲ್ಪ ಹೊತ್ತು ಮುಖ ಸಣ್ಣದಾಯಿತು. ಆಮೇಲೆ ಹೇಳಿದರು, ‘ಅದೂ ಸರಿಯೇ. ಗುರುತಿಲ್ಲದವರ ಹತ್ತಿರ ಕನ್ನಡವೇ ಮಾತಾಡ್ಬೇಕು. ಸ್ವಲ್ಪ ಗುರುತಾಗ್ಲಿ, ಮತ್ತೆ ತುಳುವಿನಲ್ಲಿ ಮಾತಾಡುವ.’ ನಮ್ಮೂರಿನ ಪದ್ಧತಿ ಅದೇ ತಾನೇ. ಆಫೀಸಿಗೆ ಹೋದರೆ ಕನ್ನಡ, ಜಗಲಿಗೆ ಬಂದರೆ ತುಳು.

ಅಷ್ಟು ದೂರದಿಂದ ಆ ನೌಕೆ ಇಲ್ಲಿಗೆ ಸುದ್ದಿ ಕಳಿಸುವುದು ಹೇಗೆ, ತಂತಿಯಿಲ್ಲ, ಏನಿಲ್ಲ, ಎಂದು ನಾನು ಕೇಳಿದೆ. ಮಾಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಅವರಿಗೆ ಸಂಕೋಚವೂ ಇರಲಿಲ್ಲ. ‘ಅದು ನನ್ನ ಪಾತ್ರ ಅಲ್ಲ. ನೀನು ಕಲಿತು ಬಂದು ನನಗೆ ಹೇಳು’ ಎಂದರು. ನಾನು ವಿಜ್ಞಾನ ಓದಬೇಕು ಎಂದು ತೀರ್ಮಾನ ಮಾಡಿದ್ದು ಆ ಸಂಜೆಯೇ. ಮಗ್ಗಿ ಸರಿ ಬರದ ವಯಸ್ಸಿನ ತೀರ್ಮಾನ, ಆದರೆ ಹಟ ಮಾತ್ರ ಪಕ್ಕಾ.

ಅವರು ಕೊನೆಯವರೆಗೂ ಹಾಗೆಯೇ ಇದ್ದರು. ಮೊದಲ ಚಂದ್ರಯಾನದ ವರ್ಷ, ನಮ್ಮ ದೇಶದ ಪೆಟ್ಟಿಗೆಯೊಂದನ್ನು ಚಂದ್ರನ ಮೇಲೆ ಬೀಳಿಸಿದ ಸುದ್ದಿ ಬಂದಾಗ, ಹಲ್ಲೆಲ್ಲ ಹೋದ ಮೇಲೂ ಅದೇ ಸ್ವರದಲ್ಲಿ ಫೋನು ಮಾಡಿದ್ದರು. ‘ಅಲ್ಲ ಮಾರಾಯ್ತಿ, ಮೊದಲ ಸಲ ಮನೆಗೆ ಹೋಗುವವರು ಹೀಗೆ ಗುದ್ದುದಾ? ಚಂದ್ರ ಎಂತ ಹೇಳಿಯಾನು?’ ಚಂದ್ರನ ಪರವಾಗಿ ತುಂಬ ಹೊತ್ತು ಮಾತಾಡಿದರು. ನನಗೆ ಕ್ಲಾಸಿತ್ತು, ಆದರೂ ಫೋನು ಇಡಲು ಮನಸ್ಸು ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ನಡೆದದ್ದು ನನ್ನ ಎಸ್ಸೆಸ್ಸೆಲ್ಸಿ ಮುಗಿದಾಗ. ಬಾಪ ಅಷ್ಟರಲ್ಲಿ ದಮ್ಮಾಮ್ ಬಿಟ್ಟು ಊರಿಗೇ ಬಂದು, ಪಕ್ಕದ ಬಿ.ಸಿ. ರೋಡ್ ಪೇಟೆಯಲ್ಲಿ ಟೀವಿ, ಮಿಕ್ಸಿಯ ಅಂಗಡಿ ಹಾಕಿದ್ದರು. ನನಗೆ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದಬೇಕು. ಬಾಪನಿಗೆ ನಾನು ಊರಿನಲ್ಲೇ ಕಾಮರ್ಸ್ ಓದಿ, ಸಂಜೆ ಅಂಗಡಿಯಲ್ಲಿ ಕೂತರಾಯಿತು. ಮಾತು ಕೇಳುವ ಜನವೇ ಅಲ್ಲ. ಗಲ್ಫಿನಲ್ಲಿ ಗಿರಾಕಿಗಳ ಜತೆ ವಾದ ಮಾಡಿ ಮಾಡಿ, ಸೋಲುವುದು ಎಂದರೇನೆಂದು ಮರೆತೇಹೋಗಿತ್ತು. ನಾನು ಊಟ ಬಿಟ್ಟೆ. ತಾಯಿ, ನಮ್ಮ ಉಮ್ಮ, ಅತ್ತರು. ಬಾಪ ಜಗ್ಗಲಿಲ್ಲ. ಅರ್ಜಿ ಹಾಕುವ ಗಡುವು ಹತ್ತಿರ ಬಂದಾಗ ನಾನು ಪಾಗಾರ ದಾಟಿ ಹೋಗಿ ಮಾಷ್ಟ್ರ ಮುಂದೆ ಕೂತು ಗೋಳೋ ಎಂದೆ.

‘ಅಪ್ಪನ ಹತ್ತಿರ ನಾನು ಮಾತಾಡುದಿಲ್ಲ’ ಎಂದರು. ‘ನೀವಿಬ್ಬರೇ ಮಾತಾಡಿ. ನಾನು ಭಾಗವತ.’

ಆ ಸಂಜೆ ಬಾಪ ಮಗ್ರಿಬ್ ನಮಾಜು ಮುಗಿಸಿ ಬರುವಾಗ ಮಾಷ್ಟ್ರು ನಮ್ಮ ಜಗಲಿಯಲ್ಲಿ ಕೂತಿದ್ದರು. ಇಬ್ಬರೂ ತುಳುವಿನಲ್ಲಿ ಅದು ಇದು ಮಾತಾಡಿದರು. ಆಮೇಲೆ ಮಾಷ್ಟ್ರು ಮೆಲ್ಲಗೆ ಹೇಳಿದರು, ‘ಸಾಹೇಬ್ರೇ, ಒಂದು ಸಣ್ಣ ಪ್ರಸಂಗ ಮಾಡುವ. ಅಪ್ಪ ಮಗಳ ವಾದ. ನಿಮ್ಮನ್ನು ಮಾತಿನಲ್ಲಿ ಸೋಲಿಸುವವರು ಈ ಪೇಟೆಯಲ್ಲಿ ಯಾರೂ ಇಲ್ಲ, ಅದು ಎಲ್ಲರಿಗೂ ಗೊತ್ತುಂಟು. ಹಾಗಾಗಿ ಮಗಳ ಪಾತ್ರ ನಿಮಗೆ. ಅಪ್ಪನ ಪಾತ್ರ ಇವಳಿಗೆ.’

‘ಎಂತ ಮಾಷ್ಟ್ರೇ ನಿಮ್ಮದು ತಮಾಷೆ!’ ಎಂದು ಬಾಪ ನಕ್ಕರು. ಆದರೆ ಕುರ್ಚಿ ಎಳೆದು ಕೂತೂ ಬಿಟ್ಟರು. ಹೊಗಳಿಕೆ ಕೆಲಸ ಮಾಡಿತ್ತು. ಮಾಷ್ಟ್ರು ಸ್ಟೂಲಿನ ಮೇಲೆ ಬೆರಳಿನಿಂದ ತಾಳ ಹಾಕಿದರು. ಉಮ್ಮ ಚಹಾ ಹಿಡಿದು ಬಾಗಿಲಲ್ಲೇ ನಿಂತರು.

ನಾನು ಬಾಪನ ಹಾಗೆ ಕಾಲ ಮೇಲೆ ಕಾಲು ಹಾಕಿದೆ. ‘ಮಗಳೇ, ಕಾಮರ್ಸ್ ಇಲ್ಲೇ ಉಂಟು. ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡ್ಬಹುದು. ಹಾಸ್ಟೆಲಿನ ಸಾರು ಬರೀ ನೀರು.’

‘ಊಟಕ್ಕೋಸ್ಕರ ಕಾಲೇಜಿಗೆ ಹೋಗುದಾ ಬಾಪಾ? ಹಾಗಾದ್ರೆ ಹೋಟೆಲಿಗೇ ಸೇರಿಸಿ ನನ್ನನ್ನು’ ಎಂದರು ಬಾಪ. ಉಮ್ಮನಿಗೆ ನಗು ತಡೆಯಲಾಗಲಿಲ್ಲ.

‘ಅಂಗಡಿಗೆ ಜನ ಬೇಡವಾ?’

‘ಜನ ಬೇಕಾದ್ರೆ ಸಂಬಳ ಕೊಟ್ಟು ಇಟ್ಕೊಳ್ಳಿ. ನಾನು ಮಗಳು, ಸೇಲ್ಸ್‌ಮ್ಯಾನ್ ಅಲ್ಲ.’ ಬಾಪ ಈಗ ಕುರ್ಚಿಯ ತುದಿಗೆ ಬಂದಿದ್ದರು. ಕಣ್ಣಲ್ಲಿ ಅಂಗಡಿಯಲ್ಲಿ ಕಾಣುವ ಮಿಂಚು.

ನನಗೆ ಹೊಳೆದ ಕೊನೆಯ ಬಾಣ ಬಿಟ್ಟೆ. ‘ಅಷ್ಟು ದೂರದಲ್ಲಿ ನಿನಗೆ ಜ್ವರ ಗಿರ ಬಂದ್ರೆ ಯಾರು ನೋಡುದು?’

ಬಾಪ ತಟ್ಟನೆ ಹೇಳಿದರು, ‘ದಮ್ಮಾಮಿನಲ್ಲಿ ನಿಮಗೆ ಜ್ವರ ಬರ್ಲಿಲ್ಲವಾ ಬಾಪಾ? ಯಾರು ನೋಡಿದ್ದು? ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸ್ತಿದ್ರಲ್ಲ, ಅದರಲ್ಲಿ ಒಂದು ದಿನ ಜ್ವರದ ಸಂಗತಿ ಹೇಳಿದ್ರಾ? ಸೌಖ್ಯ, ಸೌಖ್ಯ ಅಂತಲೇ ಹೇಳಿದ್ರಿ. ನಾನು ಚಿಕ್ಕವಳಿರುವಾಗ ನನಗೆ ಜ್ವರ ಬಂದದ್ದು ನಿಮಗೂ ಯಾರೂ ಹೇಳ್ಲಿಲ್ಲ. ನೀವಿಲ್ಲದೆ ಇರ್ಲಿಕ್ಕೆ ನಾನು ಕಲಿತೆ ಬಾಪಾ. ಈಗ...’

ಸ್ಟೂಲಿನ ಮೇಲಿನ ತಾಳವೂ ನಿಂತಿತು. ಉತ್ತರ ಕೊಡುವ ಸರದಿ ನನ್ನದು, ನಾನು ಕಾಲ ಮೇಲಿನ ಕಾಲನ್ನು ಕೆಳಗಿಳಿಸಿದೆ. ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಬಾಪ ಮೂಗು ಸೀಟಿ, ಹಳೆಯ ಅಭ್ಯಾಸದಿಂದ, ‘ಎಂತ, ಎದುರು ಪಾತ್ರಕ್ಕೆ ಮಾತೇ ಇಲ್ಲ! ನಾನು ಗೆದ್ದೆ ಮಾಷ್ಟ್ರೇ!’ ಎಂದರು.

‘ಗೆದ್ದಿರಿ ಸಾಹೇಬ್ರೇ. ಹಾಗಾದ್ರೆ ಮಗಳು ಮೂಡುಬಿದಿರೆಗೆ.’

ಬಾಪನಿಗೆ ವಿಷಯ ತಲೆಗೆ ಹತ್ತಲು ಸ್ವಲ್ಪ ಸಮಯ ಹಿಡಿಯಿತು. ‘ಏ ಮಾಷ್ಟ್ರೇ, ಇದು ಮೋಸ!’ ಎಂದು ಎದ್ದು ನಿಂತರು. ಮಾಷ್ಟ್ರು ಆಗಲೇ ಪಾಗಾರದ ಆಚೆ ಇದ್ದರು. ಮರುದಿನ ಬಾಪ ಅಂಗಡಿಗೆ ಬೀಗ ಹಾಕಿ, ನನ್ನನ್ನು ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರು. ಗೆದ್ದ ಮೇಲೆ ಮಾತು ತಪ್ಪುವ ಜಾತಿಯಲ್ಲ ಅವರು.

ನಾನು ಹೊರಟ ದಿನ ಮಾಷ್ಟ್ರು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಬಾಪ ಬಸ್ಸಿನ ಮೇಲೆ ಹತ್ತಿ ನನ್ನ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಗಾಳಿಯಲ್ಲೇ ತೇಲುತ್ತಿದ್ದೆ. ಮಾಷ್ಟ್ರಿಗೆ ಥ್ಯಾಂಕ್ಸ್ ಹೇಳಿದೆ. ಅವರ ಮುಖದಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ.

‘ಅಪ್ಪನ ಪಾತ್ರ ನೀನು ಸರಿ ಮಾಡ್ಲಿಲ್ಲ ಮಾರಾಯ್ತಿ’ ಎಂದರು.

‘ನಾನು ಸೋಲ್ಲಿಕ್ಕೇ ಮಾತಾಡಿದ್ದಲ್ವಾ ಮಾಷ್ಟ್ರೇ!’

‘ಅದು ಹೌದು. ಆದ್ರೆ ಅವರ ಪರವಾಗಿ ಒಂದು ದೊಡ್ಡ ಮಾತು ಇತ್ತು. ಅದನ್ನು ನೀನೂ ಹೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಅವರು ಅಲ್ಲಿನ ಕೆಲಸ ಬಿಟ್ಟು ಊರಿಗೆ ಬಂದದ್ದು ಯಾಕೆ? ಮಿಕ್ಸಿ ಮಾರ್ಲಿಕ್ಕಾ? ನಿನ್ನ ಒಟ್ಟಿಗೆ ನಾಲ್ಕು ದಿನ ಇರುವ ಅಂತ. ಅವರು ಬಂದ ಕೂಡ್ಲೇ ನೀನು ಹೊರಟೆ. ಅದನ್ನು ಆವತ್ತು ಯಾರಾದ್ರೂ ಹೇಳಿದ್ರೆ, ನೀನು ಇಲ್ಲೇ ಇರು ಅಂತ ನಾನೇ ಹೇಳ್ತಿದ್ದೆ.’

ಕಂಡಕ್ಟರ್ ವಿಸಿಲ್ ಊದಿದ. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಬಾಪ ಏಣಿಯಿಂದ ಇಳಿದು ಬಂದು, ಅಂಗೈಗೆ ಮೆತ್ತಿದ್ದ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಹಗ್ಗ ಗಟ್ಟಿ ಉಂಟು, ಇಳಿಯುವಾಗ ನೀನೇ ಬಿಚ್ಚಲು ಹೋಗಬೇಡ, ಕಂಡಕ್ಟರಿಗೆ ಹೇಳು ಎಂದರು. ನನ್ನ ಮುಖ ನೋಡಲಿಲ್ಲ. ನನಗೆ ಆಗ ತಡೆಯಲಾಗದಷ್ಟು ಅಳು ಬಂತು. ಬಸ್ಸು ಮೆಲ್ಲಗೆ ಕದಲಿತು.

‘ಬಾಪಾ, ಶನಿವಾರ ಬರ್ತೇನೆ! ಪ್ರತಿ ಶನಿವಾರ ಬರ್ತೇನೆ!’ ಎಂದು ಕಿಟಕಿಯಿಂದ ಕೂಗಿದೆ.

‘ಎಂತಕ್ಕೆ? ಅಲ್ಲೇ ಕೂತು ಓದು’ ಎಂದರು ಬಾಪ. ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಮೇಲೆ ಲುಂಗಿಯುಟ್ಟವರನ್ನೂ ಬುಟ್ಟಿ ಹೊತ್ತವರನ್ನೂ ತಳ್ಳಿಕೊಂಡು ಬಸ್ಸಿನ ಜತೆ ಓಡುತ್ತ ಬಂದು ಕಿಟಕಿಯ ಸರಳು ಹಿಡಿದರು.

‘ಎಷ್ಟು ಗಂಟೆಯ ಬಸ್ಸಿಗೆ?’